ಷಡ್ಡಕರ ಹವಳ, ಬೀದಿಯ ನೀರು

ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕೂತ ಆ ಗುಮಾಸ್ತರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದು ಸಂಬಳದ ಪಟ್ಟಿಯಲ್ಲಿ ಮಾತ್ರ ಜೀವ ಹಿಡಿದುಕೊಂಡಿತ್ತು. ಉಳಿದೆಲ್ಲ ಕಡೆ ಅವರು ಪರಿಶೀಲಪ್ಪ. ನೀರು ಹಳದಿ ಎನ್ನಲಿ, ನೀರಲ್ಲಿ ಹುಳ ಎನ್ನಲಿ, ನೀರೇ ಇಲ್ಲ ಎನ್ನಲಿ, ಯಾವ ಬೀದಿಯಿಂದ ಯಾವ ದೂರು ಬಂದರೂ ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ ಒಂದೇ ಸಾಲು ಬರೆಯುತ್ತಿದ್ದರು: "ಪರಿಶೀಲಿಸಲಾಗಿದೆ. ನೀರು ಶುದ್ಧವಾಗಿದೆ." ನೀರೇ ಬರುತ್ತಿಲ್ಲ ಎಂದವರಿಗೂ ಇದೇ ಉತ್ತರ. ಬಾರದ ನೀರು ಅಶುದ್ಧವಾಗಿರಲು ಸಾಧ್ಯವೇ ಇಲ್ಲ ಎಂಬುದು ಅವರ ವಾದ. ಅದನ್ನು ಈವರೆಗೆ ಯಾರೂ ಅಲ್ಲಗಳೆದಿರಲಿಲ್ಲ.

ಇಂಥ ನೆಮ್ಮದಿಯ ಬಾಳಿಗೆ ಒಂದು ದಿನ ಷಡ್ಡಕರು ಬಂದರು. ಬರುವಾಗ ಸಮುದ್ರವನ್ನೂ ತಂದರು.

ಷಡ್ಡಕರೆಂದರೆ ಪರಿಶೀಲಪ್ಪನವರ ಹೆಂಡತಿಯ ಅಕ್ಕನ ಗಂಡ. ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ಎದುರಿಗೆ ಕೂತವರೆಲ್ಲ ಮೂವತ್ತು ವರ್ಷದಿಂದ ಬಾಯಿ ತೆರೆದುಕೊಂಡೇ ಕೇಳುತ್ತಿದ್ದುದರಿಂದ, ತಾವು ಹೇಳುವುದೆಲ್ಲ ಲೋಕವನ್ನು ಬೆರಗುಗೊಳಿಸುತ್ತದೆ ಎಂಬ ನಂಬಿಕೆ ಅವರಿಗೆ. ಅವರ ಮನೆಯ ನೆಲ ಕಿತ್ತು ಹೊಸದಾಗಿ ಹಾಸುವ ಕೆಲಸ ಶುರುವಾಗಿತ್ತು. ಆ ಧೂಳಿನಲ್ಲಿ ಇಡಲಾಗದ ವಸ್ತುವೊಂದನ್ನು ಆರು ವಾರದ ಮಟ್ಟಿಗೆ ಎಲ್ಲಾದರೂ ಸಾಗಿಸಬೇಕಿತ್ತು. ನಾಲ್ಕು ಜನ ಹೊತ್ತು ತಂದು ಪರಿಶೀಲಪ್ಪನವರ ಹಾಲಿನ ಕಿಟಕಿಯ ಪಕ್ಕ ಇಳಿಸಿದ ಮೇಲೆ ತಿಳಿಯಿತು, ಅದು ಇನ್ನೂರು ಲೀಟರಿನ ಗಾಜಿನ ತೊಟ್ಟಿ. ಒಳಗೆ ಉಪ್ಪುನೀರು, ಎರಡು ಪಟ್ಟೆಮೀನು, ನಡುವೆ ಕಲ್ಲಿನ ಮೇಲೆ ಒಂದು ಹವಳ. ಉಂಗುರಕ್ಕೆ ಕೂರಿಸುವ ಹವಳವಲ್ಲ, ಜೀವಂತ ಹವಳ. ನೂರಾರು ಮೆತ್ತನೆಯ ಬೆರಳು ಚಾಚಿಕೊಂಡು, ಯಾರನ್ನೋ 'ಬಾ, ಬಾ' ಎಂದು ಕರೆಯುವ ಹಾಗೆ ಆಡುತ್ತಿತ್ತು. ಹೆಬ್ಬೆರಳಿನಷ್ಟಿದ್ದಾಗ ತಂದು, ಹನ್ನೊಂದು ವರ್ಷ ಸಾಕಿ, ಬೋಗುಣಿಯಷ್ಟು ಮಾಡಿದ್ದರು.

"ಮಗಳ ಮದುವೆಯಲ್ಲೂ ನನ್ನ ಕಣ್ಣಲ್ಲಿ ನೀರು ಬರಲಿಲ್ಲ," ಎಂದರು ಷಡ್ಡಕರು, ಗಾಜಿನ ಮೇಲೆ ಅಂಗೈ ಇಟ್ಟು. "ಇವತ್ತು ಬರ್ತಾ ಇದೆ. ನಿಜ ಹೇಳಿ, ನಿಮ್ಮ ಕೈಲಿ ಆಗುತ್ತಾ?"

ಅತ್ತೆ ಅಲ್ಲೇ ಕುರ್ಚಿಯಲ್ಲಿದ್ದರು. ಅವರು ಚಿಕ್ಕ ಮಗಳ ಮನೆಯಲ್ಲಿದ್ದುಕೊಂಡು ದೊಡ್ಡ ಅಳಿಯನನ್ನು ಹೊಗಳುವ ಅಭ್ಯಾಸದವರು. 'ದೊಡ್ಡ ಅಳಿಯಂದ್ರು' ಎನ್ನುವಾಗ ಅವರು ಹೇಳುತ್ತಿರುವುದು ವಯಸ್ಸೊಂದನ್ನೇ ಅಲ್ಲ ಎಂಬ ಅನುಮಾನ ಪರಿಶೀಲಪ್ಪನವರನ್ನು ಮದುವೆಯಾದಂದಿನಿಂದ ಕೊರೆಯುತ್ತಿತ್ತು.

"ಭಾವ," ಎಂದರು ಪರಿಶೀಲಪ್ಪನವರು, ಅತ್ತೆಗೂ ಕೇಳಿಸುವಷ್ಟು ಗಟ್ಟಿಯಾಗಿ, "ಇಪ್ಪತ್ತೆರಡು ವರ್ಷದಿಂದ ಊರಿಗೆಲ್ಲ ನೀರು ನೋಡ್ಕೊಳ್ತಿರೋನು ನಾನು. ಇನ್ನೂರು ಲೀಟರ್ ನೀರು ನನಗೆ ಯಾವ ಮೂಲೆಗೆ?"

ಷಡ್ಡಕರು ಹನ್ನೊಂದು ಹಾಳೆಯ ಸೂಚನೆಗಳನ್ನು ಕೈಗಿಟ್ಟು ಹೋದರು. ಪರಿಶೀಲಪ್ಪನವರು ಅದಕ್ಕೆ ತೂತು ಹಾಕಿ, ದಾರ ಪೋಣಿಸಿ, ಮೇಲೆ "ಓದಿ, ಕಡತಕ್ಕೆ ಸೇರಿಸಲಾಗಿದೆ" ಎಂದು ಬರೆದು ಕಪಾಟಿನ ಮೇಲಿಟ್ಟರು. ಬರೆದದ್ದರಲ್ಲಿ ಎರಡನೆಯ ಅರ್ಧ ಸಂಪೂರ್ಣ ನಿಜ.

ಐದು ವಾರ ಸಮುದ್ರ ಶಾಂತವಾಗಿತ್ತು. ಕೊನೆಯ ವಾರದ ಸೋಮವಾರ ಬೆಳಿಗ್ಗೆ ನೋಡಿದರೆ ಹವಳ ತನ್ನ ಬೆರಳುಗಳನ್ನೆಲ್ಲ ಒಳಗೆಳೆದುಕೊಂಡು, ಮುಷ್ಟಿ ಬಿಗಿದು ಕೂತಿತ್ತು. ಭಾನುವಾರ ಷಡ್ಡಕರು ಬರುವವರಿದ್ದರು.

ಸಾಕುವ ಮೀನು ಮಾರುವ ಅಂಗಡಿಯವನಿಗೆ ಫೋನು ಹೋಯಿತು. ಅವನು ನೋಡದೆಯೇ ರೋಗ ಹೇಳಿದ. "ನೈಟ್ರೇಟ್ ಏರಿರುತ್ತೆ ಸಾರ್. ಮೀನು ತಿಂದದ್ದು, ತಿನ್ನದೆ ಬಿಟ್ಟದ್ದು, ತಿಂದು ಬಿಟ್ಟದ್ದು ಎಲ್ಲಾ ಕೊಳೆತು ಕೊನೆಗೆ ಅದೇ ಆಗೋದು. ಮೀನು ತಡ್ಕೊಳ್ಳುತ್ತೆ, ಹವಳ ತಡ್ಕೊಳ್ಳಲ್ಲ. ದಿನಕ್ಕೆ ಕಾಲು ಭಾಗ ನೀರು ತೆಗೆದು, ಹೊಸ ನೀರಿಗೆ ಅದರ ಉಪ್ಪು ಬೆರೆಸಿ ಹಾಕಿ. ಒಂದೇ ಸಲ ಎಲ್ಲಾ ಬದಲಾಯಿಸಿದ್ರೆ ಗಾಬರಿ ಬಿದ್ದು ಸತ್ತೇ ಹೋಗುತ್ತೆ. ನಲವತ್ತರ ಒಳಗೆ ಇಳಿದ್ರೆ ಕಣ್ಣು ಬಿಡುತ್ತೆ. ಈಗ ಎಷ್ಟಿದೆ?"

ಎಷ್ಟಿದೆ ಎಂಬುದೇ ಪ್ರಶ್ನೆ. ತೊಟ್ಟಿಯ ಜೊತೆ ಬಂದ ಡಬ್ಬಿಯಲ್ಲಿ ಪರೀಕ್ಷೆಯ ಸಾಮಾನಿತ್ತು. ಕೊಳವೆಯಲ್ಲಿ ನೀರು ಹಾಕಿ, ಎರಡು ಬಗೆಯ ಹನಿ ಬಿಟ್ಟು, ಕುಲುಕಿ, ಬಂದ ಬಣ್ಣವನ್ನು ಹಳದಿಯಿಂದ ಕಡುಗೆಂಪಿನವರೆಗೆ ಏಳು ಚೌಕಗಳಿದ್ದ ಕಾರ್ಡಿನ ಪಕ್ಕ ಹಿಡಿಯಬೇಕು. ಮೂವರೂ ಸೇರಿ ಹಿಡಿದರು.

"ಕಿತ್ತಳೆ," ಎಂದರು ಪರಿಶೀಲಪ್ಪನವರು. "ಇಪ್ಪತ್ತು."

"ಇಟ್ಟಿಗೆ," ಎಂದಳು ಹೆಂಡತಿ. "ಎಂಬತ್ತು."

"ಚೆನ್ನಾಗಿ ಮಾಗಿದ ಟೊಮೆಟೊ," ಎಂದರು ಅತ್ತೆ. ಅದು ಕಾರ್ಡಿನಲ್ಲೇ ಇರಲಿಲ್ಲ.

"ಕಿತ್ತಳೆ ಕಣೇ. ನನ್ನ ಕಣ್ಣು ನನಗೆ ಗೊತ್ತಿಲ್ವಾ?"

"ನಿಮ್ಮ ಕಣ್ಣು ನನಗೂ ಗೊತ್ತು ರೀ. ತೆಳು ಕಿತ್ತಳೆ ಪರದೆ ತನ್ನಿ ಅಂದ್ರೆ ಇದನ್ನ ತಂದೋರು ನೀವು." ಅವಳು ತೋರಿಸಿದ ಕಿಟಕಿಯ ಪರದೆ, ಬೆಂಕಿ ಆರಿಸುವವರು ದೂರದಿಂದ ಕಂಡರೆ ಗಂಟೆ ಬಾರಿಸಿಕೊಂಡು ಬರುವಂಥ ಬಣ್ಣದ್ದಾಗಿತ್ತು.

ಬಣ್ಣದ ಮಾತು ಪರದೆಗೆ ಹೋದ ಮೇಲೆ ನೀರಿಗೆ ಹಿಂತಿರುಗುವುದಿಲ್ಲ. ಪರಿಶೀಲಪ್ಪನವರು ಒಂದು ಬಾಟಲಿಯಲ್ಲಿ ತೊಟ್ಟಿಯ ನೀರು ತುಂಬಿ, ಊಟದ ಚೀಲದಲ್ಲಿಟ್ಟುಕೊಂಡು ಆಫೀಸಿಗೆ ಹೊರಟರು. ಅಲ್ಲಿ ಪ್ರಯೋಗಾಲಯವಿದೆ, ಯಂತ್ರವಿದೆ. ಯಂತ್ರಕ್ಕೆ ಹೆಂಡತಿಯಿಲ್ಲ, ಹೇಳಿದ್ದೇ ಅಂಕಿ.

ಪ್ರಯೋಗಾಲಯದ ಮೇಡಂ ಬಾಟಲಿಯನ್ನು ಮುಟ್ಟಲಿಲ್ಲ. "ನಮೂನೆ ತುಂಬಿ ಸಾರ್."

"ಮೇಡಂ, ಸುಮ್ನೆ ಒಂದು ಸಣ್ಣ ಅಂಕಿ..."

"ಸ್ವಂತದ ಕೆಲಸ ಆದ್ರೆ ಈಗಲೇ ಹೇಳ್ಬಿಡಿ. ಹೋದ ವರ್ಷ ಒಬ್ರು ಹೆಂಡತಿ ತಂದ ಜೇನುತುಪ್ಪ ಅಸಲಿಯೋ ಅಂತ ಇಲ್ಲಿ ನೋಡಿಸ್ಕೊಂಡ್ರಲ್ಲ, ಈಗ ಬೆಟ್ಟದ ಮೇಲಿನ ಪಂಪ್‌ಹೌಸಲ್ಲಿ ಇದಾರೆ. ವಾರಕ್ಕೆ ಒಂದೇ ಬಸ್ಸಂತೆ."

ಪರಿಶೀಲಪ್ಪನವರ ಕಣ್ಣ ಮುಂದೆ ಆ ಬಸ್ಸು ಹಾದುಹೋಯಿತು. ಬೆಟ್ಟದ ಮೇಲೆ ತಾವು, ಇಲ್ಲಿ ಮುಷ್ಟಿ ಬಿಗಿದ ಹವಳ, ಭಾನುವಾರ ಷಡ್ಡಕರು, ಅವರ ಪಕ್ಕದಲ್ಲಿ 'ನಾನು ಮೊದಲೇ ಅಂದ್ಕೊಂಡೆ' ಎಂಬ ಮುಖದ ಅತ್ತೆ. ನಮೂನೆ ತೆಗೆದುಕೊಂಡರು. ಮಾದರಿ ತೆಗೆದ ಸ್ಥಳ: ತಮ್ಮ ಮನೆ. ಪರೀಕ್ಷೆ: ನೈಟ್ರೇಟ್ ಮಾತ್ರ. ಮೂಲ: ನಲ್ಲಿ ಅಥವಾ ಕೊಳವೆಬಾವಿ, ಎರಡೇ ಚೌಕ, ಒಂದಕ್ಕೆ ಗುರುತು ಹಾಕಲೇಬೇಕು. ಮೀನಿನ ತೊಟ್ಟಿಗೆ ಇಲಾಖೆ ಚೌಕ ಕೊಟ್ಟಿರಲಿಲ್ಲ. ಎಂದೋ ಒಂದು ದಿನ ಈ ನೀರೂ ಯಾವುದೋ ನಲ್ಲಿಯಿಂದಲೇ ಹೊರಟಿರಬೇಕು ಎಂದು ಧೈರ್ಯ ತಂದುಕೊಂಡು 'ನಲ್ಲಿ'ಗೆ ಗುರುತು ಹಾಕಿದರು.

ಮೇಡಂ ಪರೀಕ್ಷಿಸಿದರು. ಹನಿ ಆರಿದ ಕಡೆ ಗಾಜಿನ ಮೇಲೆ ಬಿಳಿಯ ಉಪ್ಪು ಕಟ್ಟಿದ್ದೂ ಅವರ ಕಣ್ಣಿಗೆ ಬಿತ್ತು. ಆದರೆ ಉಪ್ಪಿನ ಚೌಕಕ್ಕೆ ಗುರುತು ಇರಲಿಲ್ಲ. ಗುರುತಿಲ್ಲದ್ದನ್ನು ನೋಡುವುದು ಅವರ ಪದ್ಧತಿಯಲ್ಲ.

"ತೊಂಬತ್ತಾರು," ಎಂದರು.

"ಸರಿ ಮೇಡಂ, ಬಹಳ ಉಪಕಾರ," ಎಂದು ಪರಿಶೀಲಪ್ಪನವರು ಚೀಟಿಗೆ ಕೈ ಚಾಚಿದರು. ಮೇಡಂ ಚೀಟಿಯನ್ನು ಕೆಂಪು ಲಕೋಟೆಯೊಳಗೆ ಹಾಕಿದರು.

"ಕುಡಿಯೋ ನೀರಿಗೆ ಮಿತಿ ನಲವತ್ತೈದು ಸಾರ್. ಮೀರಿದ್ರೆ ನೇರ ಎಂಜಿನಿಯರ್ ಹತ್ರ ಹೋಗುತ್ತೆ. ಸಂಜೆಯೊಳಗೆ ಬೀದಿ ವಾಲ್ವ್ ಬಂದ್."

ಕೆಂಪು ಲಕೋಟೆ ಎಂಜಿನಿಯರ್ ಹತ್ತಿರ ಹೋಗುವ ದಾರಿಯಲ್ಲಿ ದೂರು ವಿಭಾಗ ಸಿಗುತ್ತದೆ. ಹೀಗಾಗಿ ಅರ್ಧ ಗಂಟೆಯಲ್ಲಿ ಅದು ಪರಿಶೀಲಪ್ಪನವರ ಮೇಜಿಗೇ ಬಂತು. ಕೈ ತನ್ನ ಅಭ್ಯಾಸ ಬಿಡಲಿಲ್ಲ: "ಪರಿಶೀಲಿಸಲಾಗಿದೆ. ನೀರು ಶುದ್ಧವಾಗಿದೆ."

ಎಂಜಿನಿಯರ್ ಸಾಹೇಬರು ಕಡತ ಓದುವವರಲ್ಲ. ಅವತ್ತು ಓದಿಬಿಟ್ಟರು. ಪರಿಶೀಲಪ್ಪನವರನ್ನು ಕರೆಸಿ, ತಾವೇ ಕುರ್ಚಿ ಎಳೆದು ಕೂರಿಸಿದರು.

"ನಿಮ್ಮ ಮನೆ ನೀರೇ ವಿಷ ಆಗಿದೆ. ಆದ್ರೂ ಇಲಾಖೆಗೆ ಕೆಟ್ಟ ಹೆಸರು ಬರ್ಬಾರ್ದು ಅಂತ ಶುದ್ಧವಾಗಿದೆ ಅಂತ ಬರೆದ್ರಲ್ಲ. ಇಂಥ ತ್ಯಾಗ ನಾನು ಸರ್ವೀಸಲ್ಲೇ ನೋಡಿಲ್ಲ ರೀ."

"ಸಾರ್, ಅದು ಹಾಗಲ್ಲ. ಆ ನೀರಲ್ಲಿ ಮೀನಿದೆ."

"ಮೀನೂ ಬರ್ತಾ ಇದ್ಯಾ?" ಎಂದು ಸಾಹೇಬರು ಎದ್ದು ನಿಂತು, ಕಡತದಲ್ಲಿ ತಾವೇ ಬರೆದರು: "ಜಲಚರಗಳೂ ಕಂಡುಬಂದಿರುತ್ತವೆ."

ಇನ್ನೊಂದು ನಿಜ ಹೇಳಿದರೆ ತಿಮಿಂಗಿಲವೂ ಕಡತಕ್ಕೆ ಸೇರುವ ಲಕ್ಷಣ ಕಂಡು ಪರಿಶೀಲಪ್ಪನವರು ಬಾಯಿ ಮುಚ್ಚಿಕೊಂಡರು.

ನಾಲ್ಕು ಗಂಟೆಗೆ ಬೀದಿಯ ನೀರು ನಿಂತಿತು. ಐದಕ್ಕೆ ಟ್ಯಾಂಕರ್ ಬಂತು. ಅದನ್ನು ತುಂಬಿಸಿಕೊಂಡು ಬಂದದ್ದು ಅದೇ ಬೀದಿಗೆ ನೀರು ಬರುವ ಅದೇ ಜಲಾಶಯದಿಂದ, ವಾಲ್ವಿನ ಆ ಕಡೆಯಿಂದ. ಮನೆಗೆ ಎರಡು ಬಿಂದಿಗೆ. ಕೆಳಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಯಾರೂ ಕೇಳದೆಯೇ ಮುಂದಾಳತ್ವ ವಹಿಸಿಕೊಂಡರು. ಕತ್ತಿನಲ್ಲಿ ಸೀಟಿ, ಕೈಯಲ್ಲಿ ಬೆತ್ತ.

"ಸಾಲು... ನೇರ. ಬಿಂದಿಗೆ... ಎತ್ತು. ಮೂರನೇ ಮನೆಯಮ್ಮಾ, ನಿಮ್ಮದು ಬಲಗಾಲು ಮುಂದಿದೆ."

ಪರಿಶೀಲಪ್ಪನವರು ಬಕೆಟ್ ಹಿಡಿದು ಬಂದಾಗ ಮೇಷ್ಟ್ರು ಸೀಟಿ ಊದಿ ಸಾಲನ್ನೇ ನಿಲ್ಲಿಸಿದರು. "ಇವರ ಮನೆ ನೀರಲ್ಲೇ ರೀ ಅದು ಸಿಕ್ಕಿದ್ದು. ಇಲಾಖೆಯವರಾಗಿ ಇಲಾಖೆ ಮೇಲೇ ದೂರು ಕೊಟ್ಟಿದ್ದಾರೆ. ಗಂಡಸು ಅಂದ್ರೆ ಹೀಗಿರ್ಬೇಕು. ದಾರಿ ಬಿಡಿ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಹೊಗಳಿಕೆಯ ಭಾರಕ್ಕೆ ಬಕೆಟ್ ಎರಡು ಪಟ್ಟು ತೂಗಿತು.

ಮಂಗಳವಾರ ಬೆಳಿಗ್ಗೆ ಒಂದು ಉಪಾಯ ಹೊಳೆಯಿತು. ನಲ್ಲಿಯ ನಿಜವಾದ ನೀರನ್ನೇ ಕೊಟ್ಟರೆ ಕಡತ ಮುಗಿಯಿತಲ್ಲ? ಓಡಿದರು.

"ಹೊಸ ಮಾದರಿಯಾ?" ಎಂದರು ಸಾಹೇಬರು. "ನಿಯಮ ಹನ್ನೆರಡು: ಮಾದರಿ ಮಿತಿಯೊಳಗೆ ಬರೋ ತನಕ ವಾಲ್ವ್ ತೆಗೆಯುವಂತಿಲ್ಲ. ನಿಯಮ ಹದಿಮೂರು: ವಾಲ್ವ್ ತೆಗೆಯದೆ ನಲ್ಲಿಯಿಂದ ಮಾದರಿ ತೆಗೆಯುವಂತಿಲ್ಲ."

"ಹಾಗಾದ್ರೆ ನಮ್ಮ ಬೀದಿಗೆ ನೀರು ಬರೋದು ಹೇಗೆ ಸಾರ್?"

"ಅದಕ್ಕೇ ನಿಯಮ ಹದಿನಾಲ್ಕು. ಮೊದಲ ಮಾದರಿ ತೆಗೆದ ನೀರು ಮನೆಯಲ್ಲಿ ಉಳಿದಿದ್ರೆ ಅದನ್ನೇ ದಿನಾ ಪರೀಕ್ಷಿಸುವುದು. ನಲವತ್ತೈದರ ಕೆಳಗೆ ಇಳಿದಲ್ಲಿ ದೋಷ ತಾನಾಗಿಯೇ ನಿವಾರಣೆಯಾಗಿದೆ ಎಂದು ಭಾವಿಸುವುದು. ಇಂಥ ನಿಯಮ ಯಾವ ಮಹಾನುಭಾವ ಬರೆದನೋ."

ಆ ನಿಯಮದ ಕರಡು ಬರೆದ ಮಹಾನುಭಾವರು ಸಾಹೇಬರ ಎದುರೇ ತಲೆ ತಗ್ಗಿಸಿ ನಿಂತಿದ್ದರು. ಒಂಬತ್ತು ವರ್ಷದ ಹಿಂದೆ, ಒಂದು ಸೆಕೆಯ ಮಧ್ಯಾಹ್ನ, ಊಟವಾದ ಮೇಲೆ ಬರೆದದ್ದು.

"ಆ ನೀರು ಇನ್ನೂ ಮನೇಲಿ ಇದ್ಯಾ?"

"ಇದೆ ಸಾರ್. ಸುಮಾರು ಇನ್ನೂರು ಲೀಟರ್."

"ಭಲೆ. ಜೋಪಾನ ಮಾಡಿ. ಶನಿವಾರದೊಳಗೆ ಇಳೀಲಿಲ್ಲ ಅಂದ್ರೆ ಸೋಮವಾರ ಮೇಲಿನ ಕಚೇರಿಯೋರೇ ನಿಮ್ಮ ಮನೆಗೆ ಬರ್ತಾರೆ."

ಹೀಗೆ, ಷಡ್ಡಕರ ತೊಟ್ಟಿಯ ನೈಟ್ರೇಟ್ ಇಳಿದರೆ ಮಾತ್ರ ಬೀದಿಯ ನಲವತ್ತೆರಡು ಮನೆಗಳಿಗೆ ನೀರು ಎಂಬ ಸ್ಥಿತಿ ಬಂತು. ಪರಿಶೀಲಪ್ಪನವರು ಮನೆಗೆ ಬಂದು ಶರ್ಟಿನ ತೋಳು ಮಡಿಸಿದರು. ಮದುವೆಯಾದ ಮೇಲೆ ಅವರು ತೋಳು ಮಡಿಸಿದ್ದನ್ನು ಹೆಂಡತಿ ನೋಡಿದ್ದು ಅದೇ ಮೊದಲು.

"ಇಳಿಸ್ತೀನಿ," ಎಂದರು. "ನೀರಿಗೆ ಇಳಿದದ್ದಾಯ್ತು, ಇನ್ನು ನೈಟ್ರೇಟ್ ಇಳೀಬೇಕು."

ದಿನಕ್ಕೆ ಐವತ್ತು ಲೀಟರ್ ಹೊಸ ನೀರು ಬೇಕು. ಬೀದಿಗೆ ನೀರಿಲ್ಲ. ಮನೆಯ ಪಾಲಿನ ಎರಡು ಬಿಂದಿಗೆಯನ್ನು ಅಡುಗೆಮನೆಯ ಶುದ್ಧಿಯಂತ್ರಕ್ಕೆ ಸುರಿದು, ಅದು ಹನಿ ಹನಿಯಾಗಿ ಕೊಡುವುದನ್ನು ಹಿಡಿದು, ಲೀಟರಿಗೆ ಮೂವತ್ತೈದು ಗ್ರಾಂ ಕಡಲುಪ್ಪು ತೂಗಿ ಬೆರೆಸಿದರು. ಸಾಲದ್ದಕ್ಕೆ ಮೇಷ್ಟ್ರನ್ನು ಕೇಳಿದರು. "ಪರೀಕ್ಷೆಯ ನೀರು ಸರಿಹೋಗಬೇಕಾದ್ರೆ ಇನ್ನೂ ನೀರು ಬೇಕು ಮೇಷ್ಟ್ರೇ." ನಿಜವನ್ನೇ ಹೇಳಿದ್ದು, ಅಷ್ಟನ್ನೇ ಹೇಳಿದ್ದು. ಮೇಷ್ಟ್ರು ಸೀಟಿ ಊದಿದರು. ಮನೆಮನೆಯಿಂದ ಒಂದೊಂದು ಚೊಂಬು ಬಂತು. ಜನ ಸ್ನಾನ ಬಿಟ್ಟರು, ಹವಳ ಮಿಂದಿತು. ಸ್ಪಂಜು ಹಿಂಡಿದರು, ಕಲ್ಲಿನ ಸಂದಿಯ ಕಸವನ್ನು ಕೊಳವೆಯಿಂದ ಎಳೆದರು. ಮನೆಯಲ್ಲಿ ಒಬ್ಬರಿಗೂ ಸ್ನಾನವಿಲ್ಲದಿದ್ದರೂ ನೆಲವೆಲ್ಲ ಒದ್ದೆ.

ಬುಧವಾರದ ಅಂಕಿ ಎಪ್ಪತ್ತನಾಲ್ಕು. ಮೇಷ್ಟ್ರು ತಮ್ಮ ಕಾಂಪೌಂಡ್ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಆಳೆತ್ತರ ಬರೆದರು. ಹಾಲು ತರಲು ಹೋಗುವವರು ನಿಂತು ಓದಿ ಮುಂದೆ ಹೋದರು.

ಗುರುವಾರದ ಅಂಕಿ ಎಪ್ಪತ್ತೊಂಬತ್ತು.

ಕಾಲು ಭಾಗ ನೀರು ಬದಲಾಯಿಸಿದ ಮೇಲೂ ಏರಿದೆ. ಗೋಡೆಯ ಮುಂದೆ ಗುಂಪು ಸೇರಿತು. ಮೂರನೇ ಮನೆಯಮ್ಮ "ನಮ್ಮ ಚೊಂಬು ತೊಳೆದೇ ಕೊಟ್ಟಿದ್ದು," ಎಂದು ತಾನಾಗಿಯೇ ಸಾಕ್ಷಿ ನುಡಿದರು. ಪರಿಶೀಲಪ್ಪನವರು ಅರ್ಧ ದಿನದ ರಜೆ ಹಾಕಿ, ಆಫೀಸಿಗೆ ಹೊರಟವರ ಹಾಗೆ ಹೊರಗೆ ಹೋಗಿ, ಹಿತ್ತಿಲ ಬಾಗಿಲಿಂದ ಒಳಗೆ ಬಂದು ಹಾಲಿನ ಪರದೆಯ ಹಿಂದೆ ನಿಂತರು. ಇಪ್ಪತ್ತೆರಡು ವರ್ಷದಲ್ಲಿ ಅವರು ನಡೆಸಿದ ಮೊದಲ ಸ್ಥಳ ಪರಿಶೀಲನೆ ಅದು.

ಹತ್ತಕ್ಕೆ ಹೆಂಡತಿ ಬಂದಳು. ಅತ್ತ ಇತ್ತ ನೋಡಿ, ಆಹಾರದ ಡಬ್ಬಿ ತೆಗೆದು, ಎರಡು ಚಿಟಿಕೆ ಉದುರಿಸಿ, "ಅಮ್ಮನಿಗೆ ಹೇಳ್ಬೇಡಿ," ಎಂದು ಮೀನುಗಳಿಗೆ ಹೇಳಿ ಹೋದಳು. ಹತ್ತೂವರೆಗೆ ಅತ್ತೆ ಚಮಚದೊಂದಿಗೆ ಬಂದರು. ಹನ್ನೊಂದಕ್ಕೆ ಚೊಂಬು ನೀರು ತಂದ ಡ್ರಿಲ್ ಮೇಷ್ಟ್ರು ಒಂದು ಹಿಡಿ ಹಾಕಿ, ಮೀನುಗಳು ಮೇಲೆ ಬಂದ ಕ್ರಮವನ್ನು ಮೆಚ್ಚಿ, ಇನ್ನೊಂದು ಹಿಡಿ ಹಾಕಿದರು. ಹನ್ನೊಂದೂವರೆಗೆ ಅತ್ತೆ ಮತ್ತೆ ಬಂದಾಗ ಪರದೆ ಸರಿಯಿತು.

"ಅತ್ತೆ."

ಚಮಚ ನೆಲಕ್ಕೆ ಬಿತ್ತು. "ಆಫೀಸಿಗೆ ಹೋಗ್ಲಿಲ್ವಾ ಅಳಿಯಂದ್ರೆ?"

"ದಿನಕ್ಕೆ ಎಷ್ಟು ಸಲ ಹಾಕ್ತೀರಾ?"

"ಲೆಕ್ಕ ಯಾರಿಟ್ಟಿದ್ದಾರೆ? ಪಾಪ, ನೋಡಿ ಹೇಗೆ ಬಾಯಿ ಬಿಡ್ತಿದಾವೆ. ಹೊತ್ತು ಹೊತ್ತಿಗೂ ಬಾಯಿ ಬಿಡ್ತಾನೇ ಇರ್ತಾವೆ."

"ಅದು ಉಸಿರಾಡೋಕೆ ಅತ್ತೆ."

"ನಿಮ್ಮ ಮಾವನೂ ಹಾಗೇ ಅಂತಿದ್ರು. ತಟ್ಟೆ ಇಟ್ರೆ ತಾನೇ ಬಾಯಿ ಮುಚ್ತಿದ್ದದ್ದು?"

ಹೆಂಡತಿಯೂ ಬಂದಳು. ವಿಚಾರಣೆ ನಡೆಯಿತು. ಅತ್ತೆ ಹಾಕುತ್ತಾರೆಂಬುದು ಮಗಳಿಗೆ ಗೊತ್ತಿಲ್ಲ, ಮಗಳು ಹಾಕುತ್ತಾಳೆಂಬುದು ತಾಯಿಗೆ ಗೊತ್ತಿಲ್ಲ, ಮೇಷ್ಟ್ರು ಹಾಕುತ್ತಾರೆಂಬುದು ಯಾರಿಗೂ ಗೊತ್ತಿಲ್ಲ.

"ಮತ್ತೆ ನೀವು?" ಎಂದಳು ಹೆಂಡತಿ. "ಸಂಜೆ ಬಂದ ತಕ್ಷಣ ಶೂ ಬಿಚ್ಚೋ ಮೊದಲು ತೊಟ್ಟಿ ಹತ್ರ ಏನ್ಮಾಡ್ತೀರಾ?"

ಪರಿಶೀಲಪ್ಪನವರೂ ತಪ್ಪೊಪ್ಪಿಕೊಂಡರು. ಆಫೀಸಿನಲ್ಲಿ ಅವರು ಬಂದರೆ ಯಾರೂ ತಲೆ ಎತ್ತುವುದಿಲ್ಲ. ಈ ಮೀನುಗಳು ಮಾತ್ರ ಗಾಜಿನ ತನಕ ಓಡಿ ಬರುತ್ತಿದ್ದವು. ಸ್ವಾಗತಕ್ಕೆ ಪ್ರತಿಯಾಗಿ ಏನಾದರೂ ಕೊಡಬೇಡವೇ? ಬೆಳಿಗ್ಗೆ ಹೊರಡುವಾಗ ಒಂದು ವಿದಾಯದ ಚಿಟಿಕೆಯೂ ಇತ್ತು. ಎಲ್ಲ ಸೇರಿ ದಿನಕ್ಕೆ ಒಂಬತ್ತು ಊಟ. ಕಪಾಟಿನ ಮೇಲಿನ ಕಡತ ಇಳಿಸಿ, ದಾರ ಬಿಚ್ಚಿ, ಮೊದಲ ಹಾಳೆ ತೆಗೆದರು. ಮೊದಲ ಸಾಲಿನ ಕೆಳಗೆ ಷಡ್ಡಕರು ಎರಡು ಗೆರೆ ಎಳೆದಿದ್ದರು: "ದಿನಕ್ಕೆ ಒಂದೇ ಸಲ, ಒಂದೇ ಚಿಟಿಕೆ. ಬಾಯಿ ತೆರೆದರೆ ಮರುಳಾಗಬೇಡಿ."

ಅವತ್ತಿನಿಂದ ಆಹಾರದ ಡಬ್ಬಿ ಪರಿಶೀಲಪ್ಪನವರ ಊಟದ ಚೀಲದಲ್ಲಿ ಆಫೀಸಿಗೆ ಹೋಗಿ ಬರತೊಡಗಿತು. ಅತ್ತೆ ತಮ್ಮ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡರು. "ನೋಡಿದ್ರೆ ತಾನೇ ಕರುಳು ಚುರ್ ಅನ್ನೋದು," ಎಂದರು. ಮೇಷ್ಟ್ರು ಚೊಂಬನ್ನು ಬಾಗಿಲಲ್ಲೇ ಇಟ್ಟು, ಒಳಗೆ ನೋಡದೆ ಹಿಂದೆ ತಿರುಗುತ್ತಿದ್ದರು. ಆ ಮೀನಿಗೂ ಈ ನೀರಿಗೂ ಏನು ಸಂಬಂಧ ಎಂದು ಅವರು ಕೇಳಲಿಲ್ಲ. ಆಜ್ಞೆಗೆ ಕಾರಣ ಕೇಳುವುದು ಅವರ ಶಿಸ್ತಿನಲ್ಲಿಲ್ಲ.

ಶುಕ್ರವಾರ ಐವತ್ತೊಂಬತ್ತು. ಶನಿವಾರ ನಲವತ್ತಾರು.

ಒಂದೇ ಒಂದು ಅಂಕಿ. ಬೀದಿ ನಿಟ್ಟುಸಿರು ಬಿಟ್ಟದ್ದು ಟ್ಯಾಂಕರಿನವನಿಗೂ ಕೇಳಿಸಿತು. "ಒಂದು ತಾನೇ ಮೇಡಂ," ಎಂದು ಪರಿಶೀಲಪ್ಪನವರು ಪ್ರಯೋಗಾಲಯದಲ್ಲಿ ಬೇಡಿಕೊಂಡರು. "ನಲವತ್ತಾರು ಅಂದ್ರೆ ನಲವತ್ತಾರು ಸಾರ್," ಎಂದರು ಮೇಡಂ. ಆದರೆ ಎಂಜಿನಿಯರ್ ಸಾಹೇಬರಿಗೂ ಮೇಲಿನ ಕಚೇರಿಯ ಭಯವಿತ್ತು. ಭಾನುವಾರ ಬೆಳಿಗ್ಗೆ ತಾವೇ ಮೇಡಂ ಮತ್ತು ಯಂತ್ರದ ಜೊತೆ ಬೀದಿಗೆ ಬಂದು ಕೊನೆಯ ಪರೀಕ್ಷೆ ಮಾಡಿಸುವುದಾಗಿ ಹೇಳಿದರು. ಪರಿಶೀಲಪ್ಪನವರು ಅವತ್ತು ಸಂಜೆ ಮತ್ತೆ ಐವತ್ತು ಲೀಟರ್ ಬದಲಾಯಿಸಿದರು. ಬೆನ್ನು ನೆಟ್ಟಗಾಗಲು ಒಪ್ಪಲಿಲ್ಲ. ಬಾಗಿಕೊಂಡೇ ಊಟ ಮಾಡಿದರು.

ಭಾನುವಾರ ಒಂಬತ್ತಕ್ಕೆ ಬೀದಿಯೆಲ್ಲ ಗೇಟಿನ ಮುಂದೆ. ಮೇಷ್ಟ್ರು ಇಸ್ತ್ರಿ ಮಾಡಿದ ಶರ್ಟು ಹಾಕಿ, ಜನರನ್ನು ಎತ್ತರದ ಪ್ರಕಾರ ನಿಲ್ಲಿಸಿದ್ದರು. ಮನೆಯೊಳಗೆ ಹೆಂಡತಿ ಕಿಟಕಿಯ ಪರದೆಯನ್ನು ಪೂರ್ತಿ ಎಳೆದು ತೊಟ್ಟಿಯನ್ನು ಮರೆಮಾಡಿದ್ದಳು. ತಂದ ಐದು ವರ್ಷಕ್ಕೆ ಆ ಪರದೆ ಎರಡನೇ ಬಾರಿಗೆ ಉಪಯೋಗಕ್ಕೆ ಬಂದಿತ್ತು. ಪರಿಶೀಲಪ್ಪನವರು ಮಾದರಿಯ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ತಂದರು. ಮೇಡಂ ಯಂತ್ರಕ್ಕೆ ನೀರು ಹಾಕಿದರು.

"ಮೂವತ್ತೇಳು."

ಚಪ್ಪಾಳೆ ಬಿತ್ತು. ವಾಲ್ವ್ ತಿರುಗಿತು. ಪರಿಶೀಲಪ್ಪನವರ ಗೇಟಿನ ಪಕ್ಕದ ನಲ್ಲಿ ಒಮ್ಮೆ ಉಸ್ಸೆಂದಿತು, ಗೊಟರ್ ಎಂದಿತು, ಸುಮ್ಮನಾಯಿತು.

"ಗಾಳಿ ತುಂಬಿದೆ. ಅರ್ಧ ಗಂಟೆ ಬೇಕು," ಎಂದರು ಸಾಹೇಬರು.

ಮೇಷ್ಟ್ರು ಬೆತ್ತ ಎತ್ತಿದರು. "ಅಲ್ಲೀ ತನಕ ಒಂದು ಕೆಲಸ ಆಗ್ಲಿ ಸಾರ್. ಆರು ದಿನ ನಾವು ಹೆದರಿದ್ದೀವಿ. ಅಂಕಿ ನಮಗೆ ತಿಳಿಯಲ್ಲ. ಸರಿಹೋಗಿದೆ ಅಂತೀರಲ್ಲ, ಆ ಬಾಟಲಿ ನೀರು ಕುಡಿದು ತೋರಿಸಿ."

"ಹೌದು, ಕುಡಿದು ತೋರಿಸಿ," ಎಂದಿತು ಬೀದಿ, ಎತ್ತರದ ಪ್ರಕಾರ.

ಸಾಹೇಬರು ಪರಿಶೀಲಪ್ಪನವರ ಕಡೆ ನೋಡಿದರು. ಮೂರನೇ ಮನೆಯಮ್ಮ ಆಗಲೇ ಎರಡು ಲೋಟ ತಂದಿದ್ದರು. 'ನೀರು ಕುಡಿದಷ್ಟು ಸುಲಭ' ಎಂಬ ಮಾತು ಕಟ್ಟಿದ ಪುಣ್ಯಾತ್ಮ ಯಾವ ನೀರು ಎಂದು ಹೇಳದೆ ಹೋಗಿದ್ದ. ಪರಿಶೀಲಪ್ಪನವರು ಲೋಟ ತುಂಬಿಸಿದರು. ಒಂದು ಕ್ಷಣ ಬೆಟ್ಟದ ಬಸ್ಸು ಕಂಡಿತು. ಇನ್ನೊಂದು ಕ್ಷಣ ಮುಷ್ಟಿ ಬಿಗಿದ ಹವಳ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ತಮಗೆ ಎರಡೂ ಒಂದೇ ಲೋಟದಲ್ಲಿ ಬಂದಿದೆ, ಕೆಲಸ ಹಗುರ, ಎಂದುಕೊಂಡು ಕಣ್ಣು ಮುಚ್ಚಿ ಗಟಗಟ ಇಳಿಸಿದರು. ಕಿವಿಯ ತುದಿಯವರೆಗೆ ಏನೋ ಏರಿತು. ಮುಖದ ಒಂದು ನರವೂ ಅಲುಗಲಿಲ್ಲ.

"ಪರಿಶೀಲಿಸಲಾಗಿದೆ," ಎಂದರು. "ನೀರು ಶುದ್ಧವಾಗಿದೆ."

ಇಪ್ಪತ್ತೆರಡು ವರ್ಷದಲ್ಲಿ ಈ ಮಾತನ್ನು ಅವರು ಪರಿಶೀಲಿಸಿ ಹೇಳಿದ್ದು ಇದೊಂದೇ ಸಲ.

ಗುಮಾಸ್ತ ಕುಡಿದದ್ದನ್ನು ಅಧಿಕಾರಿ ಕುಡಿಯದಿದ್ದರೆ ಹೇಗೆ? ಸಾಹೇಬರು ಎರಡನೆಯ ಲೋಟವನ್ನು ಅಂಚಿನವರೆಗೆ ತುಂಬಿಸಿ, ಜನರ ಕಡೆ ಎತ್ತಿ ತೋರಿಸಿ, ದೊಡ್ಡದೊಂದು ಗುಟುಕು ತೆಗೆದುಕೊಂಡರು. ಅಲ್ಲೇ ನಿಂತರು. ಕೆನ್ನೆ ಉಬ್ಬಿತ್ತು. ಕಣ್ಣು ನಿಧಾನವಾಗಿ ಪರಿಶೀಲಪ್ಪನವರ ಕಡೆ ಹೊರಳಿತು. ಉಗುಳಿದರೆ ಬೀದಿ, ನುಂಗಿದರೆ ಸಮುದ್ರ. ನುಂಗಿದರು.

"ಹೇಗಿದೆ ಸಾರ್?" ಎಂದರು ಮೇಷ್ಟ್ರು.

"ಖ... ಖನಿಜಾಂಶ ಚೆನ್ನಾಗಿದೆ."

ಮತ್ತೆ ಚಪ್ಪಾಳೆ. ಆ ಗದ್ದಲದಲ್ಲೇ ಒಂದು ಕಾರು ಬಂದು ನಿಂತಿತು. ಷಡ್ಡಕರು ಇಳಿದು, ಜನ ಯಾಕೆ ಸೇರಿದ್ದಾರೆಂದು ಕೇಳದೆ, ಸೀದಾ ಒಳಗೆ ಹೋದರು. ಮರುಗಳಿಗೆಯಲ್ಲಿ ಕಿಟಕಿಯ ಪರದೆ ಸರ್ರನೆ ಸರಿಯಿತು.

"ಏನ್ರೀ ಇದು," ಎಂದು ಒಳಗಿಂದ ಷಡ್ಡಕರ ದನಿ ಬಂತು. "ನಮ್ಮ ಮನೇಲಿದ್ದಾಗಲೂ ಇಷ್ಟು ಅಗಲ ಬಿಚ್ಚಿರಲಿಲ್ಲ. ಅತ್ತೆ, ಬನ್ನಿ ಇಲ್ಲಿ, ಚಿಕ್ಕ ಅಳಿಯಂದ್ರು ಮಾಡಿರೋ ಕೆಲಸ ನೋಡಿ. ನೀರು ನೋಡ್ಕೊಳ್ಳೋದು ಅಂದ್ರೆ ಇದು."

ಕಿಟಕಿಯಲ್ಲಿ ಬೆಳಗಿನ ಬಿಸಿಲು ನೇರ ತೊಟ್ಟಿಗೆ ಬಿದ್ದಿತ್ತು. ಹವಳ ನೂರಾರು ಬೆರಳು ಬಿಚ್ಚಿ 'ಬಾ, ಬಾ' ಎನ್ನುತ್ತಿತ್ತು. ಎಂಜಿನಿಯರ್ ಸಾಹೇಬರು ಹವಳವನ್ನು ನೋಡಿದರು. ಮೀನುಗಳನ್ನು ನೋಡಿದರು. ಕೈಯಲ್ಲಿದ್ದ ಲೋಟವನ್ನು ನೋಡಿದರು. 'ಜಲಚರಗಳೂ ಕಂಡುಬಂದಿರುತ್ತವೆ' ಎಂದು ತಾವೇ ಬರೆದದ್ದು ನೆನಪಾಗಿರಬೇಕು. ಸುತ್ತ ನಲವತ್ತೆರಡು ಮನೆಯವರು ಅವರಿಗೆ ಕೈ ಮುಗಿದು ನಿಂತಿದ್ದರು. ಅವರು ಪರಿಶೀಲಪ್ಪನವರ ಕಿವಿಯ ಹತ್ತಿರ ಬಾಗಿದರು.

"ಲೀಟರಿಗೆ ಎಷ್ಟು ಹಾಕಿದ್ರಿ?"

"ಮೂವತ್ತೈದು ಗ್ರಾಂ ಸಾರ್."

"ಒಂದು ಚೂರು ಜಾಸ್ತಿ ಆಯ್ತು," ಎಂದು ಸಾಹೇಬರು ಕಡತ ತೆರೆದು, "ಖುದ್ದಾಗಿ ಪರಿಶೀಲಿಸಲಾಗಿದೆ" ಎಂದು ಬರೆದು ಸಹಿ ಹಾಕಿ ಮುಚ್ಚಿದರು. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎನ್ನುತ್ತಾರೆ; ಅವರ ಮುಖ ನೋಡಿದರೆ ಮುಪ್ಪು ದಾಟಿದರೂ ಮರೆಯುವ ಹಾಗೆ ಕಾಣಲಿಲ್ಲ. ಆಮೇಲೆ ಗೇಟಿಗೆ ಒರಗಿ, ಒಣ ನಲ್ಲಿಯ ಕಡೆ ನೋಡುತ್ತಾ, ಮಾತಿಲ್ಲದೆ ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು.

ಅತ್ತೆ ಹೊರಗೆ ಬಂದವರು ಮೆಟ್ಟಿಲ ಮೇಲೆ ನಿಂತು ಅದನ್ನು ನೋಡಿದರು. ಮೂರು ದಿನ ಗೋಡೆ ನೋಡಿಕೊಂಡು ಕೂತಿದ್ದ ಅವರ ಕರುಳು ಚುರ್ ಎಂದಿತು.

"ಅಳಿಯಂದ್ರೆ," ಎಂದರು, "ಪಾಪ, ಅವರೂ ಬಾಯಿ ಬಿಡ್ತಿದ್ದಾರೆ. ಇವರಿಗಾದ್ರೂ ಒಂದು ಚಿಟಿಕೆ ಹಾಕ್ಬಹುದಾ?"